ಉಣ್ಣೆ ತಿಪ್ಪೆ ಸೇರಿದ ದಾರಿ

ಮಧ್ಯ ಕರ್ನಾಟಕದ ಕುರಿಹಟ್ಟಿಗಳ ಬಳಿ ಕತ್ತರಿಸಿ ಬಿಸಾಡಿದ ಉಣ್ಣೆ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ. ಹಿಂದೆ ಇದನ್ನು ಕೊಳ್ಳಲು ಕಂಬಳಿ ನೇಯುವವರು ಹಟ್ಟಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಈಗ ಕತ್ತರಿಸುವವರಿಗೆ ಕುರಿಗಾರನೇ ಕೈಯಿಂದ ಕೂಲಿ ಕೊಡಬೇಕು, ಉಣ್ಣೆ ಮಾರಿದರೆ ಆ ಕೂಲಿಯೂ ಹುಟ್ಟದು. ಕತ್ತರಿಸದೆ ಬಿಡುವಂತೆಯೂ ಇಲ್ಲ. ಮೈತುಂಬ ಉಣ್ಣೆ ಹೊತ್ತ ಕುರಿ ಬೇಸಿಗೆಯಲ್ಲಿ ಏದುಸಿರು ಬಿಡುತ್ತದೆ, ಉಣ್ಣೆಯ ಬುಡದಲ್ಲಿ ಹೇನು, ಉಣ್ಣೆಹುಳ ಸೇರಿಕೊಳ್ಳುತ್ತವೆ.

ನಮ್ಮ ದಖನಿ ಕುರಿಯ ಉಣ್ಣೆ ಕಡಿಮೆ, ಅದೂ ಒರಟು, ಹಾಗಾಗಿಯೇ ಈ ಗತಿ ಬಂತು ಎನ್ನುವವರಿದ್ದಾರೆ. ಕಡಿಮೆ ಎನ್ನುವುದು ನಿಜ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಗೆ ಅರ್ಧ ಕಿಲೋ ಆಸುಪಾಸು ಸಿಗುತ್ತದೆ. ಆಸ್ಟ್ರೇಲಿಯಾದ ಮೆರಿನೊ ಕೊಡುವುದು 4–5 ಕಿಲೋ. ಈ ಅಂತರದ ಬಹುಪಾಲು ಮರಿ ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ಕೂದಲು ಬೆಳೆಯುವ ಗುಳಿಗಳು ಭ್ರೂಣದ ಚರ್ಮದಲ್ಲಿ ಎರಡು ಹಂತಗಳಲ್ಲಿ ಮೂಡುತ್ತವೆ. ಮೊದಲು ಬರುವುದು ದಪ್ಪ ಎಳೆಯ ಮೂಲ ಗುಳಿಗಳು, ಆಮೇಲೆ ಅವುಗಳ ಸುತ್ತ ನವಿರು ಎಳೆಯ ಉಪಗುಳಿಗಳು. ಮೆರಿನೊದಲ್ಲಿ ಒಂದು ಮೂಲ ಗುಳಿಗೆ ಇಪ್ಪತ್ತರಷ್ಟು ಉಪಗುಳಿಗಳಿದ್ದರೆ ಒರಟು ಉಣ್ಣೆಯ ತಳಿಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಗಬ್ಬದ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಹೊಟ್ಟೆತುಂಬ ಮೇವು ಸಿಗದಿದ್ದರೆ ಈ ಉಪಗುಳಿಗಳು ಪೂರ್ತಿ ಬಲಿಯುವುದಿಲ್ಲ. ಆ ಕೊರತೆಯನ್ನು ಮರಿ ಬದುಕಿರುವಷ್ಟು ದಿನ ಹೊತ್ತು ತಿರುಗುತ್ತದೆ. ಬರಗಾಲದ ವರ್ಷದ ಮರಿಗೆ ಮುಂದೆ ಎಷ್ಟು ಮೇವು ಹಾಕಿದರೂ ಉಣ್ಣೆ ದಟ್ಟವಾಗದಿರುವುದು ಇದರಿಂದಲೇ. ಹಾಲೂಡುವ ಕುರಿಯ ಉಣ್ಣೆ ಇಳಿಯುತ್ತದೆ, ಟಗರಿನದು ಹೆಚ್ಚು, ವಯಸ್ಸಾದಂತೆ ಎಳೆ ಸೊರಗುತ್ತದೆ. ಉಣ್ಣೆಗೆ ಗಂಧಕ ಬೇಕು. ಒಣಹುಲ್ಲನ್ನೇ ನಂಬಿ ನೂರಾರು ಮೈಲಿ ನಡೆಯುವ ಮಂದೆಗೆ ಅದು ಎಲ್ಲಿಂದ ಬರಬೇಕು?

ಒರಟುತನದ ವಿಷಯದಲ್ಲಿ ಮಾತ್ರ ನಾನು ಕುರಿಯ ಪರ. ದಖನಿ ಉಣ್ಣೆಯ ದಪ್ಪ ಎಳೆಗಳ ಒಳಗೆ ಟೊಳ್ಳಿದೆ, ಗಾಳಿ ಅಲ್ಲಿ ನಿಲ್ಲುತ್ತದೆ. ತನ್ನ ತೂಕದ ಮೂರನೇ ಒಂದು ಪಾಲು ತೇವ ಹೀರಿದರೂ ಉಣ್ಣೆ ಮೈಗೆ ಒದ್ದೆ ಎನ್ನಿಸದು. ಮಲೆನಾಡಿನಲ್ಲಿ ನಾಟಿಯ ಕಾಲಕ್ಕೆ ಕಂಬಳಿಕೊಪ್ಪೆ ಹಾಕಿ ದಿನವಿಡೀ ಮಳೆಯಲ್ಲಿ ನಿಲ್ಲುತ್ತಿದ್ದುದು ಇದೇ ಗುಣವನ್ನು ನಂಬಿ. ಹೆಂಗಸರು ಹಿಂಜಿ ನೂತ ನೂಲಿಗೆ ಹುಣಸೆಬೀಜದ ಸರಿ ಬಳಿದು ಒಣಗಿಸಿ, ಕುಣಿಮಗ್ಗದಲ್ಲಿ ನೇಯ್ದ ಕರಿಕಂಬಳಿಗೆ ಬಣ್ಣದ ಹಂಗೂ ಇರಲಿಲ್ಲ. ಹಾಲುಮತದವರ ಪೂಜೆಯಲ್ಲಿ ಗದ್ದುಗೆಯಾಗುವುದು, ಮೈಲಾರದ ಗೊರವರ ಮೈಮೇಲಿರುವುದು ಈ ಕಂಬಳಿಯೇ.

ಇಲ್ಲಿಯ ಉಣ್ಣೆಯನ್ನು ನಯಗೊಳಿಸುವ ಆಸೆಯೂ ಹಳೆಯದು. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಮೆರಿನೊ ಟಗರುಗಳನ್ನು ತರಿಸಿದ್ದರು. ಅಡ್ಡತಳಿಯ ಪ್ರಯತ್ನ ಸ್ವಾತಂತ್ರ್ಯಾನಂತರವೂ ನಡೆಯಿತು. ನಡೆದು ಮೇಯುವ, ಬಿಸಿಲಿಗೆ ಬಗ್ಗದ ದಖನಿಯ ಜಾಗವನ್ನು ಯಾವ ಪರದೇಶಿ ಕುರಿಯೂ ತುಂಬಲಿಲ್ಲ.

ಪೆಟ್ಟು ಬಂದದ್ದು ಬೇರೆ ದಿಕ್ಕಿನಿಂದ. 1813ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಬ್ಯಾಟ್ಲಿ ಎಂಬ ಊರಲ್ಲಿ ಬೆಂಜಮಿನ್ ಲಾ ಎಂಬಾತ ಹಳೆಯ ಉಣ್ಣೆ ಬಟ್ಟೆಯನ್ನು ಚಿಂದಿ ಮಾಡಿ, ಎಳೆ ಬಿಡಿಸಿ ಮತ್ತೆ ನೂಲುವ ವಿಧಾನ ಕಂಡುಕೊಂಡ. ಆ ಮಾಲಿಗೆ ಶಾಡಿ ಎಂದು ಹೆಸರಾಯಿತು. ಅದೇ ಕಸುಬು ಕಾಲಾಂತರದಲ್ಲಿ ಹರಿಯಾಣದ ಪಾಣಿಪತ್‌ಗೆ ಬಂತು. ವಿಭಜನೆಯ ನಂತರ ಪಶ್ಚಿಮ ಪಂಜಾಬಿನ ನೇಕಾರರು ನೆಲೆಸಿದ್ದ ಊರು ಅದು. ಪಶ್ಚಿಮ ದೇಶಗಳವರು ಉಟ್ಟು ಬಿಟ್ಟ ಕೋಟು, ಸ್ವೆಟರು ಕಂಟೇನರುಗಳಲ್ಲಿ ಬಂದಿಳಿದವು. ಬಣ್ಣಬಣ್ಣವಾಗಿ ವಿಂಗಡಿಸಿ, ಹರಿದು, ನೂತು ಹೊದಿಕೆ ಮಾಡಿದರು. ಬಣ್ಣ ಹಾಕುವ ಖರ್ಚಿಲ್ಲ, ಕುರಿ ಸಾಕುವ ಖರ್ಚೂ ಇಲ್ಲ. ನೆರೆ, ಭೂಕಂಪ, ಯುದ್ಧ ಎಲ್ಲೇ ಆಗಲಿ ಪರಿಹಾರದ ಹೊದಿಕೆ ಪಾಣಿಪತ್‌ನಿಂದ ಹೊರಡತೊಡಗಿತು. ಆ ಬೆಲೆಯ ಮುಂದೆ ಕುಣಿಮಗ್ಗದ ಕಂಬಳಿ ಹೇಗೆ ನಿಂತೀತು? ಪರದೇಶದ ಹಳೆಯ ಉಣ್ಣೆ ನಮ್ಮ ಹೊಸ ಉಣ್ಣೆಯನ್ನು ಕಸ ಮಾಡಿತು. ಮುಂದೆ ಪಾಲಿಯೆಸ್ಟರ್ ಹೊದಿಕೆ ಬಂದು ಶಾಡಿಯನ್ನೂ ಮೂಲೆಗೊತ್ತಿತು. ಮಲೆನಾಡಿನ ಕೊಪ್ಪೆಯ ಜಾಗವನ್ನು ಅಷ್ಟರಲ್ಲಿ ಪ್ಲಾಸ್ಟಿಕ್ ಹಾಳೆ ಹಿಡಿದಿತ್ತು.

ಕೊಳ್ಳುವವರಿಲ್ಲದ ಉಣ್ಣೆಗಾಗಿ ಕುರಿಗಾರ ಯಾಕೆ ಟಗರು ಆರಿಸಬೇಕು? ಮಾಂಸದ ದರ ಏರಿದಂತೆ ಬೇಗ ತೂಕ ಬರುವ ಟಗರುಗಳನ್ನು ಮಂದೆಗೆ ಬಿಟ್ಟ. ಬಾಗಲಕೋಟೆ ಕಡೆಯ ಯಳಗ, ರಾಯಚೂರು ಕಡೆಯ ಕೆಂಗುರಿಯಂಥವು ಉಣ್ಣೆಯಿಲ್ಲದ ಕೂದಲು ಕುರಿಗಳು. ಅವನ ಲೆಕ್ಕದಲ್ಲಿ ತಪ್ಪು ಹುಡುಕಲಾರೆ. ಉಣ್ಣೆಯ ಇಳುವರಿ ಇಳಿದದ್ದಕ್ಕೆ ಮೇವಿನಷ್ಟೇ ದೊಡ್ಡ ಕಾರಣ ಸಂತೆಯ ದರ.

ಹೀಗೆ ಬಿದ್ದಿರುವ ಉಣ್ಣೆಗೆ ದಾರಿಯಿದೆ. ಶುದ್ಧ ಉಣ್ಣೆಯ ತೂಕದಲ್ಲಿ ಸುಮಾರು ಶೇ 16ರಷ್ಟು ಸಾರಜನಕ, ಕೊಟ್ಟಿಗೆ ಗೊಬ್ಬರದಲ್ಲಿರುವುದು ಶೇ 0.5ರ ಆಸುಪಾಸು. ತೊಳೆಯದ ಉಣ್ಣೆಯಲ್ಲಿ ಕುರಿಯ ಬೆವರಿನ ಪೊಟ್ಯಾಷ್ ಕೂಡ ಇರುತ್ತದೆ. ಉಣ್ಣೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಕರಗುತ್ತ, ಅಷ್ಟು ದಿನವೂ ನೀರು ಹಿಡಿದಿಡುತ್ತದೆ. ಬ್ಯಾಟ್ಲಿಗೆ ಹತ್ತಿರದ ವೇಕ್‌ಫೀಲ್ಡ್‌ನ ರೈತರು ಗಿರಣಿಗಳ ಉಣ್ಣೆ ಕಸವನ್ನೇ ಗೊಬ್ಬರ ಮಾಡಿ ರೂಬಾರ್ಬ್ ಎಂಬ ಹುಳಿದಂಟಿನ ಬೆಳೆಯಲ್ಲಿ ಹೆಸರು ಮಾಡಿದರು. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯೂ ಉಣ್ಣೆಯನ್ನು ಗೊಬ್ಬರವಾಗಿ ಪರೀಕ್ಷಿಸಿದೆ. ಹಿರಿಯೂರಿನ ದಾಳಿಂಬೆ ತೋಟಕ್ಕೆ, ತೆಂಗಿನ ಪಾತಿಗೆ ಪ್ಲಾಸ್ಟಿಕ್ ಮುಚ್ಚಿಗೆ ಹಾಸುವ ಬದಲು ಪಕ್ಕದ ಹಟ್ಟಿಯ ಉಣ್ಣೆ ಹಾಸಬಹುದು. ಗೋಡೆ, ಚಾವಣಿಯ ಶಾಖ ತಡೆಯುವ ಹಾಸು, ಸದ್ದು ಹೀರುವ ಹಲಗೆ, ಒತ್ತಿ ಮಾಡಿದ ದಪ್ಪ ಜಮಖಾನೆ, ಇವೆಲ್ಲಕ್ಕೂ ಟೊಳ್ಳು ಎಳೆಯ ಒರಟು ಉಣ್ಣೆ ಚೆನ್ನಾಗಿ ಒಗ್ಗುತ್ತದೆ.

ನಾಯಕರಿಗೆ ವೇದಿಕೆಯ ಮೇಲೆ ಕಂಬಳಿ ಹೊದಿಸುವುದು ನಮ್ಮಲ್ಲಿ ದೊಡ್ಡ ಗೌರವ. ಆ ಗೌರವ ವೇದಿಕೆಯಲ್ಲೇ ಉಳಿಯದೆ, ಸರ್ಕಾರದ ಹಾಸ್ಟೆಲುಗಳ ಹೊದಿಕೆ, ತೋಟಗಾರಿಕೆಯ ಮುಚ್ಚಿಗೆ ಇಲ್ಲಿಯ ಉಣ್ಣೆಯಿಂದ ಬರಲಿ. ಕತ್ತರಿಸುವ ಕೂಲಿಗಿಂತ ನಾಲ್ಕು ಕಾಸು ಹೆಚ್ಚು ಸಿಕ್ಕಿದರೂ ಕುರಿಗಾರ ಟಗರು ಕೊಳ್ಳುವಾಗ ಅದರ ಮೈ ಸವರಿ ನೋಡುತ್ತಾನೆ. ತಡವಾದರೆ ಕಷ್ಟ. ಸತತ ಮೂರು ತಲೆಮಾರು ಕೂದಲು ಟಗರನ್ನೇ ಬಿಟ್ಟ ಮಂದೆಯಲ್ಲಿ ಹುಟ್ಟುವ ಮರಿಗೆ ದಖನಿಯ ರಕ್ತ ಉಳಿಯುವುದು ಎಂಟರಲ್ಲಿ ಒಂದು ಪಾಲು.