ಹಡಗಿನಲ್ಲಿ ಬಂದ ಬೀಜ, ಎರೆ ಹೊಲದ ಹತ್ತಿ



ಇಂದು ಗೊಬ್ಬರದ ಮಾತಲ್ಲ, ಔಷಧ ಹೊಡೆಯುವ ಮಾತೂ ಅಲ್ಲ. ನಮ್ಮ ಹೊಲದ ಪೀಕುಗಳು ಎಲ್ಲಿಂದ ಬಂದವು, ಅವುಗಳ ಬೆನ್ನು ಹತ್ತಿ ಮತ್ತೇನೇನು ಬಂತು ಎಂಬುದನ್ನು ತಿಳಿಯೋಣ. ಹಳೇ ಕಥಿ ಕೇಳಿ ನಮಗೇನಾಗಬೇಕ್ರೀ ಅನ್ನಬೇಡಿರಿ. ಈ ಕಥೆಯ ಕೊನೆಗೆ ಮುಂದಿನ ಬಿತ್ತಿಗೆಗೆ ಬೇಕಾದ ಮಾತೇ ಇದೆ.

ಮೊದಲು ನಿಮ್ಮ ಅಡಿಗೆ ಮನೆಯನ್ನು ನೋಡಿರಿ. ರೊಟ್ಟಿಯ ಜೋಳ ಬಹಳ ಹಳೆಯದು. ಅದೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದೇ. ಹೆಸರು, ತೊಗರಿ, ಕಡಲೆಗಳೂ ಹಳೆಯವೇ. ಆದರೆ ರೊಟ್ಟಿಯ ಮಗ್ಗುಲಿಗೆ ಹಚ್ಚುವ ಕೆಂಪು ಖಾರ? ಶೇಂಗಾದ ಚಟ್ನಿ? ಪಂಚಮಿಗೆ ಕಟ್ಟುವ ಶೇಂಗಾದ ಉಂಡಿ? ಬಟಾಟಿ ಪಲ್ಯ, ಟೊಮೆಟೊ ಸಾರು? ಹೊಲದಲ್ಲಿಯ ಗೋವಿನಜೋಳ, ಬದುವಿನ ಪೇರಲ, ಸೀತಾಫಲ, ಹಿತ್ತಲಿನ ಪಪ್ಪಾಯಿ, ಹಿರಿಯರ ಚಂಚಿಯಲ್ಲಿಯ ತಂಬಾಕು? ಇವೆಲ್ಲವುಗಳ ತವರು ಸಾವಿರಾರು ಮೈಲು ದೂರದ ಅಮೆರಿಕಾ ಖಂಡ. ಆರುನೂರು ವರ್ಷಗಳ ಹಿಂದೆ ನಮ್ಮ ಭಾಗದ ಯಾವ ಒಕ್ಕಲಿಗನೂ ಮೆಣಸಿನ ಗಿಡವನ್ನು ಕಣ್ಣಿನಿಂದ ಕಂಡಿರಲಿಲ್ಲ. ಆಗ ಖಾರಕ್ಕೆ ಕರಿಮೆಣಸು ಇತ್ತು. ಹೊಸ ಕಾಯಿ ಬಂದಾಗ ನಮ್ಮವರು ಅದಕ್ಕೆ ಹಳೆಯ ಹೆಸರನ್ನೇ ಜೋಡಿಸಿ ಮೆಣಸಿನಕಾಯಿ ಎಂದರು.

ಇವು ಇಲ್ಲಿಗೆ ಬಂದ ಬಗೆ ಹೀಗಿದೆ. ಕರಿಮೆಣಸು, ಲವಂಗ, ದಾಲ್ಚಿನ್ನಿಗಳಿಗೆ ಯುರೋಪಿನ ಪೇಟೆಯಲ್ಲಿ ಭಾರೀ ಧಾರಣೆ ಇತ್ತು. ಅವು ಬೆಳೆಯುವ ನಾಡಿಗೆ ಸಮುದ್ರದ ದಾರಿ ಹುಡುಕುತ್ತ 1492ರಲ್ಲಿ ಕೊಲಂಬಸನು ಪಡುವಲಿಗೆ ಹೊರಟು ಅಮೆರಿಕಾದ ನಡುಗಡ್ಡೆಗಳನ್ನು ಮುಟ್ಟಿದ. 1498ರಲ್ಲಿ ಪೋರ್ಚುಗೀಸರ ವಾಸ್ಕೋ ಡ ಗಾಮಾ ಆಫ್ರಿಕಾವನ್ನು ಬಳಸಿಕೊಂಡು ಕೋಳಿಕೋಡಿಗೆ ಬಂದ. 1510ರಲ್ಲಿ ಅಲ್ಬುಕರ್ಕ್ ಎಂಬ ಪೋರ್ಚುಗೀಸ ಸರದಾರನು ವಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡ. ಅಮೆರಿಕಾದ ಬ್ರೆಜಿಲ್ ನಾಡೂ ಪೋರ್ಚುಗೀಸರ ಕೈಯಲ್ಲೇ ಇದ್ದುದರಿಂದ ಅಲ್ಲಿಯ ಬೀಜ ಗೋವೆಗೆ ಬಂತು. ಗೋವೆಯಿಂದ ಘಟ್ಟ ಹತ್ತಿದರೆ ನಮ್ಮ ನಾಡೇ. ಬೀಜದ ಸಂಗಡ ಮಾತೂ ಬಂತು ನೋಡಿರಿ. ಬಟಾಟಿ, ಪೇರಲ, ತಂಬಾಕು, ಚಾವಿ, ಪಗಾರ, ಇವೆಲ್ಲ ಪೋರ್ಚುಗೀಸರ ಮಾತಿನಿಂದ ನಮ್ಮ ಬಾಯಿಗೆ ಬಂದವು.

ಹಾಗಾದರೆ ಅದಕ್ಕೂ ಮೊದಲು ನಮ್ಮಲ್ಲಿ ವ್ಯಾಪಾರ ಇರಲಿಲ್ಲವೇ? ಇತ್ತು, ಚೆನ್ನಾಗಿಯೇ ಇತ್ತು. 1095ರ ಡಂಬಳದ ಶಾಸನವನ್ನೇ ನೋಡಿರಿ. ಆಗ ಧರ್ಮವೊಳಲು ಎಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿನ ಹದಿನಾರು ಮಂದಿ ಶೆಟ್ಟರು ಬೌದ್ಧ ವಿಹಾರ ಕಟ್ಟಿಸಿದ ಸಂಗತಿ ಅದರಲ್ಲಿದೆ. ಲಕ್ಕುಂಡಿಯ ಶೆಟ್ಟಿಯೊಬ್ಬರು ತಾರಾದೇವಿಯ ವಿಹಾರ ಕಟ್ಟಿಸಿದ್ದೂ ಅದರಲ್ಲೇ ಇದೆ. ಎಂದರೆ ವ್ಯಾಪಾರ ನಮಗೆ ಹೊಸದಲ್ಲ. ಹೊಸದು ಯಾವುದೆಂದರೆ, ತಕ್ಕಡಿಯ ಮಗ್ಗುಲಲ್ಲಿ ತೋಪು ಇಟ್ಟುಕೊಂಡು ಮಾಡುವ ವ್ಯಾಪಾರ. ಪೋರ್ಚುಗೀಸರ ಪರವಾನಿಗೆ ಚೀಟಿ ಇಲ್ಲದೆ ನಮ್ಮ ಕಡಲಲ್ಲೇ ನಮ್ಮ ಹಡಗು ಸಾಗುವುದು ಕಷ್ಟವಾಯಿತು.

ಅಮೆರಿಕಾದಲ್ಲಂತೂ ಇದಕ್ಕಿಂತ ಘೋರವಾಯಿತು. ಮೆಣಸಿನಕಾಯಿ, ಗೋವಿನಜೋಳಗಳನ್ನು ಸಾವಿರಾರು ವರ್ಷ ಬೆಳೆದು ತಿದ್ದಿದವರು ಅಲ್ಲಿಯ ಮೂಲ ಒಕ್ಕಲಿಗರು. ಯುರೋಪಿನವರ ಸಂಗಡ ಹೋದ ಸಿಡುಬು ಮುಂತಾದ ಬೇನೆಗಳಿಂದ, ಯುದ್ಧದಿಂದ, ಬಿಟ್ಟಿ ದುಡಿತದಿಂದ ಅವರಲ್ಲಿ ಬಹುಪಾಲು ಜನ ಸತ್ತರು. ಅವರ ನೆಲದಲ್ಲಿ ಕಬ್ಬು, ತಂಬಾಕು, ಹತ್ತಿ ಬೆಳೆಯಲು ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಮಾಡಿ ಹಡಗಿನಲ್ಲಿ ತುಂಬಿ ಒಯ್ದರು. ಸುಮಾರು ನಾಲ್ಕುನೂರು ವರ್ಷಗಳಲ್ಲಿ ಹೀಗೆ ಹಡಗು ಹತ್ತಿಸಿದವರು ಸುಮಾರು 1 ಕೋಟಿ 25 ಲಕ್ಷ ಜನ. ದಾರಿಯಲ್ಲೇ ಲಕ್ಷಗಟ್ಟಲೆ ಜನ ಸತ್ತರು. ನಾವು ಸುಲಭವಾಗಿ ಬಿತ್ತುವ ಬೀಜದ ಹಿಂದೆ ಇಷ್ಟು ಜನರ ಕಣ್ಣೀರಿದೆ.

ಇನ್ನು ನಮ್ಮ ಹತ್ತಿಯ ಮಾತಿಗೆ ಬರೋಣ. ಹತ್ತಿ ನಮ್ಮ ದೇಶದ್ದೇ ಅಲ್ಲವೇ ಎಂದು ನೀವು ಕೇಳುವಿರಿ. ಹೌದು, ಜವಾರಿ ಹತ್ತಿ ನಮ್ಮಲ್ಲಿ ತಲೆತಲಾಂತರದಿಂದ ಬಂದದ್ದು. ಧಾರವಾಡ ಸೀಮೆಯ ಆ ಹತ್ತಿಯನ್ನು ಎತ್ತಿನ ಮೇಲೆ, ಬಂಡಿಯ ಮೇಲೆ ಹೇರಿ, ಘಟ್ಟ ಇಳಿಸಿ, ಕುಮಟಾ ಬಂದರಿನಲ್ಲಿ ಹಡಗಿಗೆ ತುಂಬುತ್ತಿದ್ದರು. ಅದರಿಂದ ಪರದೇಶದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು. ಬೆಳೆದವನ ಊರಿನ ಹೆಸರು ಯಾರಿಗೂ ಗೊತ್ತಾಗಲಿಲ್ಲ, ಹಡಗು ಹತ್ತಿದ ಊರಿನ ಹೆಸರು ಉಳಿಯಿತು.

1818ರ ಹೊತ್ತಿಗೆ ಪೇಶವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆ ಇಂಗ್ಲಿಷ್ ಕಂಪನಿಯ ಕೈಗೆ ಹೋಯಿತು. ಕಂದಾಯವನ್ನು ರೊಕ್ಕದಲ್ಲೇ, ಹೊತ್ತಿಗೆ ಸರಿಯಾಗಿ ತುಂಬಬೇಕಾಯಿತು. ಹಗೇವಿನಲ್ಲಿ ಜೋಳ ಇದ್ದರೆ ಸಾಲದು, ಕೈಯಲ್ಲಿ ರೊಕ್ಕ ಬೇಕು. ರೊಕ್ಕ ಬೇಕೆಂದರೆ ಮಾರುವ ಪೀಕು ಬೇಕು. ಅತ್ತ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ಆ ಹತ್ತಿ ಅಮೆರಿಕಾದ ಗುಲಾಮರ ಹೊಲಗಳಿಂದ ಬರುತ್ತಿತ್ತು. ಒಂದೇ ದೇಶವನ್ನು ನಂಬಿ ಕೂಡುವುದು ಬೇಡವೆಂದು ಕಂಪನಿಯವರು 1840ರಲ್ಲಿ ಅಮೆರಿಕಾದ ಹತ್ತಿ ಬೆಳೆಗಾರರನ್ನೇ ಹಿಂದುಸ್ತಾನಕ್ಕೆ ಕರೆಸಿದರು. ಧಾರವಾಡ ಜಿಲ್ಲೆಯಲ್ಲಿ 1842ರ ಸುಮಾರಿಗೆ ನ್ಯೂ ಆರ್ಲಿಯನ್ಸ್ ಜಾತಿಯ ಬೀಜ ಬಿತ್ತಿಸಿದರು.

ಬೇರೆ ಕಡೆಗಳಲ್ಲಿ ಆ ಹತ್ತಿ ಬಹುಮಟ್ಟಿಗೆ ಸೋತಿತು. ನಮ್ಮಲ್ಲಿ ನಿಂತಿತು. ಕಾರಣ ಸರಳ. ನಮ್ಮ ಎರೆ ಹೊಲಕ್ಕೆ ಮುಂಗಾರು, ಹಿಂಗಾರು ಎರಡೂ ಮಳೆಗಳು ತಾಗುತ್ತವೆ. ಬಿಸಿಲು ಅತಿಯಾಗಿ ಕಾಯುವುದಿಲ್ಲ. ಆ ಕಾಲದ ಸರಕಾರಿ ಕಾಗದಗಳಲ್ಲಿ ಈ ಭಾಗಕ್ಕೆ ಡಂಬಳ ತಾಲೂಕು ಎಂದೇ ಹೆಸರು. ಇಲ್ಲಿ ನೆಲೆ ನಿಂತ ಆ ಹತ್ತಿ ‘ಧಾರವಾಡ-ಅಮೆರಿಕನ್’ ಎಂದು ಹೆಸರಾಯಿತು.

ಆದರೆ ಬೀಜ ಬಂದರೆ ಕೆಲಸ ಮುಗಿಯಲಿಲ್ಲ. ಜವಾರಿ ಹತ್ತಿಯ ಕಾಳನ್ನು ನಮ್ಮ ಹೆಣ್ಣುಮಕ್ಕಳು ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಬೇರ್ಪಡಿಸುತ್ತಿದ್ದರು. ಅಮೆರಿಕನ್ ಹತ್ತಿಯ ಅರಳೆ ಕಾಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಸರಳಿಗೆ ಅದು ಬಗ್ಗಲಿಲ್ಲ. ಗರಗಸದ ಹಲ್ಲಿನ ಜಿನ್ ಬೇಕಾಯಿತು. ಧಾರವಾಡದಲ್ಲಿ ಆ ಜಿನ್ನುಗಳನ್ನು ಮಾಡುವ, ದುರಸ್ತಿ ಮಾಡುವ ಸರಕಾರಿ ಕಾರಖಾನೆ ಬಂತು. ಜಿನ್ ಹಲ್ಲು ಕೆಟ್ಟರೆ ಎಳೆ ಹರಿಯುತ್ತಿತ್ತು, ಧಾರಣೆ ಬೀಳುತ್ತಿತ್ತು. ಹೊಸ ಬೀಜ ತಂದವನು ಹೊಸ ಯಂತ್ರಕ್ಕೂ, ಯಂತ್ರದ ಒಡೆಯನಿಗೂ ಕೈ ಒಡ್ಡಲೇಬೇಕಾಯಿತು.

ಇದೇ ಹೊತ್ತಿಗೆ ಇನಾಮು ಜಮೀನುಗಳ ತನಿಖೆ, ಆಯುಧ ಕಿತ್ತುಕೊಳ್ಳುವ ಕಾನೂನುಗಳಿಂದ ನಾಡಿನಲ್ಲಿ ಸಿಟ್ಟು ತುಂಬಿತ್ತು. 1858ರಲ್ಲಿ ಮುಂಡರಗಿ ಭೀಮರಾಯರು ಡಂಬಳದ ಖಜಾನೆಗೆ ನುಗ್ಗಿದರು. ಬಳಿಕ ಕೊಪ್ಪಳದ ಕೋಟೆ ಹಿಡಿದು ಅಲ್ಲಿಯೇ ಹೋರಾಡಿ ಮಡಿದರು. ಖಜಾನೆ ಎಂದರೆ ಏನು? ಹೊಲದಿಂದ ಎತ್ತಿದ ರೊಕ್ಕ ತಾನೇ!

ಮೂರು ವರ್ಷ ಕಳೆಯುವುದರೊಳಗೆ ಅಮೆರಿಕಾದಲ್ಲಿ ಗುಲಾಮಗಿರಿಯ ಸಲುವಾಗಿ ಅವರವರಲ್ಲೇ ಯುದ್ಧ ಹತ್ತಿತು. 1861ರಿಂದ 1865ರ ವರೆಗೆ ಉತ್ತರದವರು ದಕ್ಷಿಣದವರ ಬಂದರುಗಳನ್ನು ಮುಚ್ಚಿದರು. ಇಂಗ್ಲೆಂಡಿಗೆ ಹೋಗುವ ಹತ್ತಿ ನಿಂತಿತು. ಕೂಡಲೇ ನಮ್ಮ ಹತ್ತಿಗೆ ಎಂದೂ ಕಾಣದ ಧಾರಣೆ ಬಂತು. ಕುಮಟಾ ಬಂದರು ಗಿಜಿಗುಟ್ಟಿತು. ಧಾರಣೆಯ ಆಶೆಗೆ ಜವಾರಿ ಹತ್ತಿಯನ್ನು ಅಮೆರಿಕನ್ ಹತ್ತಿಯೊಳಗೆ ಬೆರೆಸುವುದು, ತೂಕಕ್ಕೆಂದು ಕಾಳು ಕಸ ಸೇರಿಸುವುದು ಹೆಚ್ಚಿತು. ಇದನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಹತ್ತಿ ಮೋಸದ ಕಾಯಿದೆಯನ್ನೇ ಮಾಡಬೇಕಾಯಿತು.

1865ರಲ್ಲಿ ಯುದ್ಧ ನಿಂತಿತು. ಅಮೆರಿಕಾದ ಬಂದರು ತೆರೆದವು. ನಮ್ಮ ಧಾರಣೆ ಕುಸಿದು ಬಿತ್ತು. ಆ ಧಾರಣೆ ನಂಬಿ ಸಾಲ ಮಾಡಿದವರ ಗತಿ ಏನಾಗಿರಬೇಕು, ನೀವೇ ಎಣಿಸಿರಿ. ಡಂಬಳದ ಒಕ್ಕಲಿಗನ ಹೊಲ ಅಲ್ಲೇ ಇತ್ತು, ಮಳೆಯೂ ಅದೇ, ದುಡಿತವೂ ಅದೇ. ಏರಿದ್ದೂ ಇಳಿದದ್ದೂ ಅವನು ಕಾಣದ ನಾಡಿನ ಯುದ್ಧದಿಂದ.

ಅದರ ಮುಂದೆ 1876ರಿಂದ 1878ರ ವರೆಗಿನ ಘೋರ ಬರ. ಧಾರವಾಡ, ವಿಜಾಪುರ, ಬಳ್ಳಾರಿ ಸೀಮೆಗಳು ಬೆಂದುಹೋದವು. ದೇಶದಲ್ಲಿ 50 ಲಕ್ಷಕ್ಕೂ ಮಿಕ್ಕಿ ಜನ ಸತ್ತರು. ಬರ ಬಂದದ್ದು ಮಳೆ ತಪ್ಪಿ. ಆದರೆ ಹಸಿವು ಹೆಚ್ಚಿದ್ದು ಮಳೆಯೊಂದರಿಂದಲೇ ಅಲ್ಲ. ಆ ಬರದ ಹೊತ್ತಿನಲ್ಲೂ ದೇಶದಿಂದ ಕಾಳು ಹೊರಗೆ ಹೋಗುತ್ತಲೇ ಇತ್ತು. ಇದ್ದ ಕಾಳಿನ ಧಾರಣೆ ಬಡವರ ಕೈಗೆ ಎಟುಕಲಿಲ್ಲ. ಕೈಯಲ್ಲಿ ರೊಕ್ಕವಿಲ್ಲದ, ಹಗೇವಿನಲ್ಲಿ ಕಾಳಿಲ್ಲದ ಮನೆಗಳು ಮೊದಲು ಖಾಲಿಯಾದವು. 1884ರಲ್ಲಿ ಗದಗಕ್ಕೆ ರೈಲು ಬಂತು. ರೈಲಿನಿಂದ ಬರಗಾಲದಲ್ಲಿ ಕಾಳು ತರಲು ಅನುಕೂಲವಾಯಿತು, ನಿಜ. ಹತ್ತಿಯನ್ನು ಬಂದರಿಗೆ ಒಯ್ಯಲು ಇನ್ನಷ್ಟು ಅನುಕೂಲವಾಯಿತು. ಗದಗ ಹತ್ತಿಯ ದೊಡ್ಡ ಪೇಟೆಯಾಗಿ ಬೆಳೆಯಿತು.

ಇಷ್ಟು ಕೇಳಿ, ಹೊರಗಿನ ಬೀಜವೆಲ್ಲ ಕೆಟ್ಟದ್ದು ಎಂದು ತೀರ್ಮಾನಿಸಬೇಡಿರಿ. ಕಥೆಯ ಇನ್ನರ್ಧ ಉಳಿದಿದೆ.

ಹಡಗಿನಲ್ಲಿ ಬಂದ ಬೀಜವನ್ನು ನಮ್ಮ ನೆಲ, ನಮ್ಮ ಜನ ತಿದ್ದಿ ತಮ್ಮದಾಗಿ ಮಾಡಿಕೊಂಡರು. ಧಾರವಾಡ-ಅಮೆರಿಕನ್ ಹತ್ತಿಯ ಹೊಲಗಳಿಂದ ಒಳ್ಳೆಯ ಗಿಡಗಳನ್ನು ಆಯ್ದು ಗದಗ-1 ಎಂಬ ತಳಿ ಮಾಡಿದರು. ಅದನ್ನು ಕಾಂಬೋಡಿಯಾ ಹತ್ತಿಯೊಡನೆ ಕೂಡಿಸಿ ಕೆಂಪೆಲೆ ರೋಗ ತಾಳುವ ‘ಲಕ್ಷ್ಮಿ’ ತಳಿ ಪಡೆದರು. 1972ರಲ್ಲಿ ಧಾರವಾಡದ ವಿಜ್ಞಾನಿ ಡಾ. ಬಿ. ಎಚ್. ಕತರ್ಕಿಯವರು ಆ ಲಕ್ಷ್ಮಿಯನ್ನೇ ತಾಯಿಯಾಗಿಟ್ಟು, ದಕ್ಷಿಣ ಅಮೆರಿಕಾ ಮೂಲದ ಉದ್ದ ಎಳೆಯ ಜಾತಿಯೊಡನೆ ಕೂಡಿಸಿ ‘ವರಲಕ್ಷ್ಮಿ’ ಸಂಕರ ಹತ್ತಿಯನ್ನು ಕೊಟ್ಟರು. ಹೆಸರು ನೋಡಿದಿರಾ? ನ್ಯೂ ಆರ್ಲಿಯನ್ಸಿನ ಮೊಮ್ಮಗಳು ನಮ್ಮ ಮನೆಯ ಲಕ್ಷ್ಮಿಯಾದಳು. ಜವಾರಿ ಹತ್ತಿಯನ್ನೂ ಬಿಡಲಿಲ್ಲ. ಅದರಿಂದ ‘ಜಯಧರ’ ತಳಿ ಬಂತು.

ಒಕ್ಕಲಿಗರೂ ಸುಮ್ಮನೆ ಕೂಡಲಿಲ್ಲ. ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಕೂಡಿಸಿ ಬೆಳೆಯುವ ನಮ್ಮ ಭಾಗದ ಪದ್ಧತಿ ನಿಮಗೆ ಗೊತ್ತೇ ಇದೆ. ಮೊದಲು ಉಳ್ಳಾಗಡ್ಡಿ ಕೀಳುತ್ತೇವೆ, ಆಮೇಲೆ ಮೆಣಸಿನಕಾಯಿ ಹರಿಯುತ್ತೇವೆ, ಕೊನೆಗೆ ಹತ್ತಿ ಬಿಡಿಸುತ್ತೇವೆ. ಒಂದರ ಧಾರಣೆ ಬಿದ್ದರೆ ಇನ್ನೊಂದು ಕೈ ಹಿಡಿಯುತ್ತದೆ. ಈ ಮೂರನ್ನು ಹೀಗೆ ಹೊಂದಿಸಿದ ಬುದ್ಧಿ ಯಾವ ಹಡಗಿನಲ್ಲೂ ಬಂದದ್ದಲ್ಲ. ಅದು ನಿಮ್ಮ ಹಿರಿಯರದು.

ಎಂದರೆ ತಿಳಿಯಬೇಕಾದ ಮಾತು ಇಷ್ಟೇ. ಬೀಜ ನಮ್ಮದಾಯಿತು, ಧಾರಣೆ ನಮ್ಮದಾಗಲಿಲ್ಲ. ದೂರದ ಪೇಟೆಯ ಧಾರಣೆ ಇಂದಿಗೂ ದೂರದಲ್ಲೇ ಕಟ್ಟಲ್ಪಡುತ್ತದೆ. ಆದ್ದರಿಂದ ಬೀಜವನ್ನು ಬರಮಾಡಿಕೊಳ್ಳಿರಿ, ಆದರೆ ಇಡೀ ಹೊಲವನ್ನು ಅದರ ಕೈಗೆ ಕೊಡಬೇಡಿರಿ. ಅದಕ್ಕಾಗಿ ನಾಲ್ಕು ಮಾತು ಮನಸ್ಸಿನಲ್ಲಿಡಿರಿ.

ಒಂದನೆಯದು. ವರ್ಷದ ಜೋಳ, ಬೇಳೆಕಾಳು, ದನಗಳ ಮೇವಿಗೆ ಬೇಕಾದಷ್ಟು ಹೊಲವನ್ನು ಮೊದಲು ತೆಗೆದಿಡಿರಿ. ಉಳಿದದ್ದರಲ್ಲಿ ಮಾರುವ ಪೀಕು. ಅದರಲ್ಲೂ ಅಕ್ಕಡಿ ಸಾಲು ಬಿಡದೆ ಹಾಕಿರಿ. ಈ ಲೆಕ್ಕ ಹಾಕುವಾಗ ಮನೆಯ ಹೆಣ್ಣುಮಕ್ಕಳನ್ನು ಕೂಡಿಸಿಕೊಳ್ಳಿರಿ. ಡಬ್ಬಿಯ ತಳ ಎಂದು ಕಾಣುತ್ತದೆಂಬುದು ಅವರಿಗೇ ಗೊತ್ತು.

ಎರಡನೆಯದು. ಹೊಸ ಬೀಜ ಬಂದರೆ ಮೊದಲ ವರ್ಷ ಹತ್ತು ಗುಂಟೆಯಲ್ಲಿ ಹಾಕಿ ನೋಡಿರಿ. ಎಷ್ಟು ಮಳೆ ಬೇಕು, ಎರೆಗೆ ಸರಿಯೋ ಮಸಾರಿಗೆ ಸರಿಯೋ, ಕೊಳ್ಳುವವರು ಯಾರು, ಬರುವ ವರ್ಷ ಇದರ ಬೀಜ ಇಟ್ಟುಕೊಳ್ಳಬಹುದೋ ಎಂದು ಕೇಳಿರಿ. ಸಂಕರ ತಳಿಯ ಬೀಜ ಇಟ್ಟು ಬಿತ್ತಿದರೆ ಮೊದಲಿನ ಇಳುವರಿ ಬಾರದು, ಪ್ರತಿ ವರ್ಷ ಕೊಳ್ಳಲೇಬೇಕು. ಹೊಸ ಬೀಜ ತಂದ ನಮ್ಮಂಥ ಅಧಿಕಾರಿಗಳನ್ನೂ ಇವೇ ಪ್ರಶ್ನೆ ಕೇಳಿರಿ. ಕೇಳಿದರೆ ನಮಗೆ ಬ್ಯಾಸರಿಲ್ಲ.

ಮೂರನೆಯದು. ಬೆರಕೆ ಮಾಡಬೇಡಿರಿ. ಮೊದಲ ಬಿಡಿಸಿನ ಬಿಳಿ ಹತ್ತಿ ಬೇರೆ, ಕೊನೆಯ ಕೊಟ್ಟೆ ಹತ್ತಿ ಬೇರೆ ಚೀಲಕ್ಕೆ ತುಂಬಿರಿ. 1863ರಲ್ಲಿ ಕಾಯಿದೆ ಬಂದದ್ದು ಯಾಕೆಂಬುದು ನೆನಪಿರಲಿ. ಬೆರಕೆಯ ಹೆಸರು ಬಂದರೆ ಇಡೀ ಸೀಮೆಯ ಧಾರಣೆ ಬೀಳುತ್ತದೆ.

ನಾಲ್ಕನೆಯದು. ಬೀಜದಂತೆ ಕೀಡೆಯೂ ಕಡಲು ದಾಟುತ್ತದೆ. ಅಮೆರಿಕಾ ಮೂಲದ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ಅದೂ ಕರ್ನಾಟಕದಲ್ಲೇ. ಗೋವಿನಜೋಳದ ಸುಳಿಯನ್ನು ವಾರಕ್ಕೆರಡು ಸಲ ಬಿಡಿಸಿ ನೋಡಿರಿ. 2002ರಿಂದ ಬಂದ ಬಿ.ಟಿ. ಹತ್ತಿಯನ್ನೂ ಗುಲಾಬಿ ಕಾಯಿಕೊರಕ ಈಗ ಜೀರ್ಣಿಸಿಕೊಂಡಿದೆ. ಗುರುತಿಲ್ಲದ ಹುಳು, ಗುರುತಿಲ್ಲದ ಕಸ ಕಂಡರೆ ಕೂಡಲೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಂದು ತೋರಿಸಿರಿ.

ಇಂದು ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಕೇಳಿರಿ: ತಾಟಿನಲ್ಲಿ ಯಾವುದು ಹಳೆಯದು, ಯಾವುದು ಹಡಗಿನಲ್ಲಿ ಬಂದದ್ದು? ಅವರು ಎಣಿಸಿ ಹೇಳಲಿ. ಆಮೇಲೆ ನೀವು ಬರುವ ವರ್ಷದ ಹೊಲದ ಲೆಕ್ಕ ಹಾಕಿರಿ. ನಿಮಗೆಲ್ಲರಿಗೂ ಒಳ್ಳೆಯ ಮಳೆ ಬೆಳೆ ಆಗಲಿ.