ಕಂಬಳಿಯೊಳಗಿನ ರೇಡಿಯೋ

ಜರ್ಮನಿಯ ಮನೆಮನೆಗೂ ಅಗ್ಗದ ರೇಡಿಯೋ ಮುಟ್ಟಿಸಿದ್ದು ನಾಜಿ ಸರ್ಕಾರವೇ. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದದ್ದೇ ತಡ, ಅದರಲ್ಲಿ ಪರದೇಶದ ಬಾನುಲಿ ಕೇಳುವುದು ಅಪರಾಧವಾಯಿತು. ಕೇಳಿದರೆ ಜೈಲು, ಕೇಳಿದ್ದನ್ನು ಹರಡಿದರೆ ಮರಣದಂಡನೆಯೂ ಆದೀತು. ಆದರೂ ಜನ ಕಂಬಳಿ ಮುಸುಕೆಳೆದು, ದನಿ ತಗ್ಗಿಸಿ ಕೇಳಿದರು. ಅವರೆಲ್ಲ ಹಿಟ್ಲರನ ವಿರೋಧಿಗಳೇನಲ್ಲ.

1943ರ ಫೆಬ್ರವರಿ 3ರಂದು ಸರ್ಕಾರಿ ಬಾನುಲಿ, ಸ್ಟಾಲಿನ್‌ಗ್ರಾಡ್‌ನಲ್ಲಿ ಆರನೇ ಸೇನೆ ಕೊನೆಯುಸಿರಿನವರೆಗೂ ಹೋರಾಡಿ ಮಡಿಯಿತೆಂದು ಸಾರಿತು. ಸುಮಾರು 90,000 ಮಂದಿ ಸೆರೆ ಸಿಕ್ಕಿದ್ದನ್ನು ಬಾಯಿಬಿಡಲಿಲ್ಲ. ಇತ್ತ ಮಾಸ್ಕೋ ಬಾನುಲಿ ಸೆರೆಯಾಳುಗಳ ಹೆಸರು ಓದುತ್ತಿತ್ತು. ಮಗನ ಹೆಸರಿಗಾಗಿ ಕಿವಿಗೊಟ್ಟ ತಾಯಿಗೆ ನೆರೆಮನೆಯ ಹುಡುಗನ ಹೆಸರು ಕೇಳಿಸಿದರೆ? ಹೇಳಿದರೆ ಆ ಮನೆಯವರು ಹಿಗ್ಗುತ್ತಾರೋ, ಪೊಲೀಸರಿಗೆ ದೂರುತ್ತಾರೋ! ಹಾಗಾಗಿ ಇಂಥ ಶುಭವಾರ್ತೆಗಳು ಸಹಿಯಿಲ್ಲದ ಕಾಗದಗಳಲ್ಲಿ ಬರುತ್ತಿದ್ದವು.

ಆ ಸೆರೆಯಾಳುಗಳಲ್ಲಿ ಊರು ಕಂಡವರು ಸುಮಾರು 6,000 ಮಂದಿ.