ಇಳಿಜಾರಲ್ಲಿ ಬ್ರೇಕ್ ಯಾಕೆ ಕೈಕೊಡತ್ತೆ?

ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿಸೋದೇ ಕಷ್ಟ ಅಂತೀರಾ?
ಇಳಿಯುವಾಗ ಬ್ರೇಕ್ ಹಿಡಿಲಿಲ್ಲ ಅಂದ್ರೆ?

ಬೊಮ್ಮಸಂದ್ರದ ಗೆಳೆಯರೇ,
ವಾರವಿಡೀ ಶಿಫ್ಟು, ಭಾನುವಾರ ಬೆಳಗಿನ ಜಾವ ಸೈಕಲ್ಲು.
ಹೊರಡೋಕೆ ಮುಂಚೆ ಡಿಸ್ಕ್ ಬ್ರೇಕಿನ ಈ ಮೂರು ನೋಡ್ಕೊಳ್ಳಿ.

ಒಂದು. ಪ್ಯಾಡ್ ಎಷ್ಟು ಉಳಿದಿದೆ?
ಚಕ್ರ ಬಿಚ್ಚಿ, ಟಾರ್ಚ್ ಬಿಡಿ.
ಆಗ ಮಾತ್ರ ಬ್ರೇಕ್ ಲಿವರ್ ಒತ್ತಬೇಡಿ!
ತಗಡಿನ ಮೇಲಿನ ಪದರ
ಎಟಿಎಂ ಕಾರ್ಡಿನಷ್ಟು ತೆಳ್ಳಗಾಗಿದ್ರೆ,
ಬದಲಾಯಿಸಿ.

ಎರಡು. ಯಾವ ಪ್ಯಾಡ್?
ರೆಸಿನ್ ಪ್ಯಾಡ್ ಹೆಚ್ಚು ಸದ್ದು ಮಾಡಲ್ಲ.
ಆದ್ರೆ ಉದ್ದ ಇಳಿಜಾರಲ್ಲಿ ಕಾದು, ಹಿಡಿತ ಬಿಡತ್ತೆ.
ಮೆಟಲ್ ಪ್ಯಾಡ್ ಸ್ವಲ್ಪ ಕಿರುಚತ್ತೆ.
ಆದ್ರೆ ಬಿಸಿ, ಮಳೆ, ಕೆಸರು, ಎಲ್ಲಾ ತಡ್ಕೊಳ್ಳತ್ತೆ.
ಡಿಸ್ಕ್ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಇದ್ಯಾ?
ಹಾಗಿದ್ರೆ ಮೆಟಲ್ ಬೇಡ. ಡಿಸ್ಕೇ ಸವೆದುಹೋಗತ್ತೆ.

ಮೂರು. ಎಣ್ಣೆ.
ಎಣ್ಣೆ ಬಿದ್ದ ಡಿಸ್ಕ್ ಅಂದ್ರೆ,
ಎಣ್ಣೆ ಸವರಿದ ದೋಸೆ ಕಾವಲಿ.
ಏನೂ ಹಿಡಿಯಲ್ಲ!
ಚೈನಿಗೆ ಸ್ಪ್ರೇ ಹೊಡೆಯುವಾಗ
ಡಿಸ್ಕಿಗೆ ಬಟ್ಟೆ ಮುಚ್ಚಿ.
ಬಿದ್ದೇ ಹೋಯ್ತಾ?
ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ.
ಎಣ್ಣೆ ಕುಡಿದ ಪ್ಯಾಡ್ ಮಾತ್ರ ಬಿಸಾಕಿ.

ಹೊಸ ಪ್ಯಾಡ್ ಹಾಕಿದ್ರಾ?
ನೇರ ಬೆಟ್ಟಕ್ಕೆ ಹೋಗಬೇಡಿ.
ಖಾಲಿ, ಸಮತಟ್ಟಾದ ರಸ್ತೆಯಲ್ಲಿ
ಒಂದು 20 ಸಲ ವೇಗ ತಗೊಂಡು,
ಮೆಲ್ಲಗೆ ಬ್ರೇಕ್ ಹಾಕಿ.
ಪ್ಯಾಡು, ಡಿಸ್ಕು ಒಂದಕ್ಕೊಂದು ಹೊಂದ್ಕೊಳ್ಳಲಿ.

ಇಳಿಯುವಾಗ ಬ್ರೇಕ್ ಹಿಡ್ಕೊಂಡೇ ಇರಬೇಡಿ.
ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ.
ಬಿಡಿ. ಡಿಸ್ಕ್ ತಣ್ಣಗಾಗಲಿ.

ಈ ಭಾನುವಾರ ಬೆಟ್ಟಕ್ಕೆ ಹೊರಟಿರೋ ಗೆಳೆಯರಿದ್ದಾರಾ?
ಶನಿವಾರ ರಾತ್ರಿಯೊಳಗೆ ಇದನ್ನ ಕಳಿಸಿ!